ಸಭಾಪಾಲಕರ ಓದು: ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ಗ್ರಂಥಾಲಯ, ಯಾವುದಕ್ಕೆ ಫೋನು ಸಾಕು

ಮುಂಬೈಯಲ್ಲಿ ಕನ್ನಡ ಸಭೆ ನೋಡಿಕೊಳ್ಳುವ ಪಾಸ್ಟರಿಗೆ ಪುಸ್ತಕದ ಆಸೆ ಇದ್ದಷ್ಟು ಜಾಗ ಇರುವುದಿಲ್ಲ. ಒಂದು ಬೆಡ್‌ರೂಮಿನ ಮನೆ, ಡೊಂಬಿವಲಿಯಿಂದ ಭಾಯಂದರ್‌ವರೆಗೆ ಮನೆಭೇಟಿಯ ಓಡಾಟ, ಸಾಲದ್ದಕ್ಕೆ ನಾಲ್ಕು ತಿಂಗಳ ಮಳೆಗಾಲ. ಹೀಗಿರುವಾಗ ಯಾವ ಪುಸ್ತಕ ಎಂದು ಯೋಚಿಸುವ ಮೊದಲು ಅದನ್ನು ಯಾವ ರೂಪದಲ್ಲಿ ಓದುವುದು ಎಂದು ತೀರ್ಮಾನಿಸಿಕೊಂಡರೆ ದುಡ್ಡೂ ಉಳಿಯುತ್ತದೆ, ಓದೂ ಸಾಗುತ್ತದೆ.

ನಾವು ಹೇಳುವ ಅಳತೆ ಒಂದೇ: ಮುಂದಿನ ಐದು ವರ್ಷಗಳಲ್ಲಿ ಇದನ್ನು ಎಷ್ಟು ಸಲ ಮತ್ತೆ ತೆರೆಯುತ್ತೀರಿ? ಪ್ರತಿ ವಾರ ತೆರೆಯುವುದನ್ನು ಕಾಗದದಲ್ಲೇ ಕೊಳ್ಳಿ. ಒಂದು ಸಂಗತಿ ಖಚಿತ ಮಾಡಿಕೊಳ್ಳಲು ಒಂದೆರಡು ಸಲ ಬೇಕಾಗುವುದಕ್ಕೆ ಗ್ರಂಥಾಲಯ ಅಥವಾ ಸ್ಕ್ಯಾನ್ ಪ್ರತಿ ಸಾಕು. ಎರಡು ವರ್ಷದಲ್ಲಿ ಹಳತಾಗುವುದಕ್ಕೆ ಕಪಾಟಿನಲ್ಲಿ ಜಾಗ ಕೊಡಬೇಡಿ, ಫೋನಿನಲ್ಲಿ ಓದಿ ಬಿಡಿ. ಈ ಅಳತೆಯಿಂದ ನೋಡಿದರೆ ನಂಬಿಕೆಯ ಓದು ಹೆಚ್ಚಾಗಿ ಕಾಗದಕ್ಕೆ, ಚರಿತ್ರೆ ಗ್ರಂಥಾಲಯಕ್ಕೆ, ತಂತ್ರಜ್ಞಾನ ಪರದೆಗೆ ಬೀಳುತ್ತದೆ. ಸಂಸ್ಕೃತಿಯ ಓದು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ.

ನಂಬಿಕೆ: ಎರಡು ಬೈಬಲ್, ಆಮೇಲೆ ಉಳಿದದ್ದು

ವ್ಯಾಖ್ಯಾನದ ದೊಡ್ಡ ಸೆಟ್ಟು ಕೊಳ್ಳಲು ಹೊರಡುವ ಮುನ್ನ ಮೇಜಿನ ಮೇಲೆ ಎರಡು ಕನ್ನಡ ಅನುವಾದಗಳಿವೆಯೇ ನೋಡಿಕೊಳ್ಳಿ. ಭಾರತ ಸತ್ಯವೇದ ಸಂಘದ ಹಳೆಯ 'ಸತ್ಯವೇದವು' ಹಿರಿಯ ವಿಶ್ವಾಸಿಗಳ ಬಾಯಲ್ಲಿರುವ ಪಾಠ. ಸಾವಿನ ಮನೆಯಲ್ಲಿ, ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಬೇರೆ ಅನುವಾದ ಓದಿದರೆ ಅವರ ತುಟಿ ಜೊತೆಗೂಡುವುದಿಲ್ಲ. ಅದೇ ಸಂಘದ ಸರಳ ಕನ್ನಡದ ಅನುವಾದ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಮಕ್ಕಳಿಗೆ, ಯುವಕರ ಕೂಟಕ್ಕೆ ಹಿಡಿಸುತ್ತದೆ. ಪ್ರಸಂಗಕ್ಕೆ, ಅಂದರೆ ಸಭೆಯ ಬೋಧನೆಯ ತಯಾರಿಗೆ, ಕೂರುವಾಗ ಎರಡನ್ನೂ ಅಕ್ಕಪಕ್ಕ ಬಿಚ್ಚಿಡಿ. ಎರಡೂ ಬೇರೆ ದಾರಿ ಹಿಡಿಯುವ ಕಡೆಯಲ್ಲೇ ವ್ಯಾಖ್ಯಾನ ನೋಡಬೇಕಾದ ಜಾಗ ಇರುತ್ತದೆ. ಉಳಿದ ಕಡೆ ವ್ಯಾಖ್ಯಾನ ಹೇಳುವುದು ನಿಮಗೆ ಗೊತ್ತಿರುವುದನ್ನೇ.

ಇಡೀ ಬೈಬಲ್ಲಿಗೆ ಒಂದೇ ಸಂಪುಟದ ವ್ಯಾಖ್ಯಾನ, ಒಂದೊಂದು ಗ್ರಂಥಕ್ಕೆ ಒಂದೊಂದು ವ್ಯಾಖ್ಯಾನ, ಈ ಎರಡರಲ್ಲಿ ಯಾವುದು? ಒಂದು ಸಂಪುಟದ್ದು ಅಗ್ಗ, ಜಾಗವೂ ಉಳಿತಾಯ. ಆದರೆ ಒಂದು ಅಧ್ಯಾಯಕ್ಕೆ ಅರ್ಧ ಪುಟ ಸಿಕ್ಕರೆ ಹೆಚ್ಚು, ಕಷ್ಟದ ವಚನವನ್ನು ಹಾರಿಸಿ ಮುಂದೆ ಹೋಗಿರುತ್ತದೆ. ನಮ್ಮ ಸಲಹೆ: ಒಂದು ಒಳ್ಳೆಯ ಬೈಬಲ್ ನಿಘಂಟನ್ನು ಕಾಗದದಲ್ಲಿ ಕೊಳ್ಳಿ. ವ್ಯಾಖ್ಯಾನವನ್ನು ಈ ವರ್ಷ ಸರಣಿಯಾಗಿ ಬೋಧಿಸುವ ಗ್ರಂಥಕ್ಕೆ ಮಾತ್ರ ತನ್ನಿ. ಹತ್ತು ವರ್ಷದಲ್ಲಿ ಹತ್ತು ಸಂಪುಟ ಕೂಡುತ್ತವೆ, ಹತ್ತನ್ನೂ ಓದಿರುತ್ತೀರಿ. ಕಂತಿನ ಮೇಲೆ ತಂದ ಮೂವತ್ತು ಸಂಪುಟಗಳ ಸೆಟ್ಟಿನಲ್ಲಿ ಕೆಲವಕ್ಕೆ ಪ್ಲಾಸ್ಟಿಕ್ ಹೊದಿಕೆಯೇ ಹೋಗಿರುವುದಿಲ್ಲ.

ವಚನ ಹುಡುಕಲು ಮಾತ್ರ ಆ್ಯಪ್ ಮುಂದು. ಅದರಲ್ಲೂ ಒಂದು ತೊಡಕಿದೆ. ಕನ್ನಡ ಪದ ವಿಭಕ್ತಿ ಹಚ್ಚಿಕೊಂಡು ರೂಪ ಬದಲಿಸುವುದರಿಂದ ಪೂರ್ತಿ ಪದ ಬರೆದು ಹುಡುಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ. ಪದದ ಬದಲಾಗದ ಭಾಗವನ್ನಷ್ಟೇ ಕೊಡಿ. ಆಗ ಬೇಡದ್ದೂ ಬರುತ್ತದೆ: 'ನೀತಿ' ಎಂದು ಕೊಟ್ಟರೆ 'ಅನೀತಿ'ಯೂ ಬಂದು ಕೂರುತ್ತದೆ. ಬಂದ ವಚನಗಳ ಲೆಕ್ಕವನ್ನು ಪ್ರಸಂಗದಲ್ಲಿ ಹೇಳುವ ಆಸೆಯಿದ್ದರೆ ಒಂದೊಂದನ್ನೂ ಕಣ್ಣಾಡಿಸಿ ನೋಡಿ ಆಮೇಲೆ ಹೇಳಿ.

ಗೋವಾದ, ಬಾಂದ್ರಾದ ಹಳೆಯ ಕಥೋಲಿಕ ಗ್ರಂಥಗಳನ್ನು ಓದುವ ಪ್ರೊಟೆಸ್ಟೆಂಟ್ ಪಾಸ್ಟರುಗಳಿಗೆ ಒಂದು ಮಾತು. ಲ್ಯಾಟಿನ್ ಪಾಠವನ್ನು ಅನುಸರಿಸಿದ ಆ ಪುಸ್ತಕಗಳಲ್ಲಿ ಕೀರ್ತನೆಗಳ ಸಂಖ್ಯೆ 10ರಿಂದ ಮುಂದೆ ಬಹುಪಾಲು ಒಂದು ಕಡಿಮೆ. ಕುರುಬನ ಕೀರ್ತನೆ ನಮ್ಮಲ್ಲಿ 23, ಅಲ್ಲಿ 22. 148ರಿಂದ ಮತ್ತೆ ಎರಡೂ ಒಂದಾಗುತ್ತವೆ. ಇದು ತಿಳಿಯದೆ ಗ್ರಂಥಕರ್ತರು ತಪ್ಪು ವಚನ ಕೊಟ್ಟಿದ್ದಾರೆಂದು ಪುಸ್ತಕ ಮುಚ್ಚಿಟ್ಟವರಿದ್ದಾರೆ.

ಚರಿತ್ರೆ: ಮೊದಲು ಕಾಗದ ಎಲ್ಲಿದೆ ಎಂದು ತಿಳಿಯಿರಿ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತೇವೆ. ಮುಂಬೈಯಲ್ಲಿರುವ ಕನ್ನಡ ಪಾಸ್ಟರಿಗೆ ಊರಿನಲ್ಲಿರುವವರಿಗೂ ಸಿಗದ ಅನುಕೂಲವೊಂದು ಇಲ್ಲಿದೆ, ಅದನ್ನು ಬಳಸುವವರು ಕಡಿಮೆ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು 1956ರ ತನಕ ಮುಂಬೈ ಆಡಳಿತದಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಬಂದು ಸೇರಿತು. ಹಾಗಾಗಿ ಆ ಕಡೆಯ ಸಭೆಗಳ ಚರಿತ್ರೆಗೆ ಬೇಕಾದ ಸರಕಾರಿ ಕಾಗದಗಳನ್ನು ಹುಡುಕಬೇಕಾದ್ದು ಫೋರ್ಟಿನ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ನಿಮ್ಮ ಹಿರಿಯರು ಮಂಗಳೂರು, ಉಡುಪಿ ಕಡೆಯವರಾದರೆ ದಾರಿ ಬೇರೆ: ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು, ಆದ್ದರಿಂದ ಚೆನ್ನೈ. ಬೀದರ್, ಕಲಬುರಗಿ, ರಾಯಚೂರಿನವರಾದರೆ ನಿಜಾಮರ ಕಾಲದ ಕಾಗದಗಳಿಗೆ ಹೈದರಾಬಾದು.

ಮಿಷನ್ನುಗಳ ಸ್ವಂತ ಕಾಗದಗಳು ಮತ್ತೂ ಬೇರೆ ಕಡೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅವರ ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ, ಹಳೆಯ ಫೋಟೊಗಳ ದೊಡ್ಡ ಸಂಗ್ರಹ ಅಂತರ್ಜಾಲದಲ್ಲಿ ನೋಡಲು ಸಿಗುತ್ತದೆ. ಬಳ್ಳಾರಿ, ಬೆಳಗಾವಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ನಿನ ಕಾಗದಗಳು ಲಂಡನ್ ವಿಶ್ವವಿದ್ಯಾಲಯದ ಸೋಯಾಸ್ (SOAS) ಗ್ರಂಥಾಲಯದಲ್ಲಿವೆ. ಬಾಸೆಲಿನವರು ಬರೆದದ್ದು ಜರ್ಮನ್‌ನಲ್ಲಿ, ಅದೂ ಹಳೆಯ ಕೈಬರಹದಲ್ಲಿ. ಅದರ ಸಹವಾಸಕ್ಕೆ ಹೋಗುವ ಬದಲು ಮುದ್ರಿತ ವಾರ್ಷಿಕ ವರದಿಗಳಿಂದ ಶುರು ಮಾಡಿ.

ಚರಿತ್ರೆಗೆ ನಿಮ್ಮ ಮುಂದಿರುವ ಆಯ್ಕೆ ನಾಲ್ಕು: ಮಿಷನ್ ವರದಿ, ಸಭೆಯ ರಿಜಿಸ್ಟರು, ಸರಕಾರಿ ಗೆಜೆಟಿಯರು (ಜಿಲ್ಲೆಯ ವಿವರ ಕೊಡುವ ಗ್ರಂಥ), ಇಂದಿನ ವಿದ್ವಾಂಸರ ಗ್ರಂಥ. ಮಿಷನ್ ವರದಿಯಲ್ಲಿ ಹೆಸರು, ಊರು, ದಿನಾಂಕ ಚೆನ್ನಾಗಿ ಸಿಗುತ್ತವೆ. ಆದರೆ ಅದನ್ನು ಬರೆದದ್ದು ಮಿಷನರಿಗಳ ಸ್ವದೇಶದಲ್ಲಿ ದಾನ ಕೊಡುವವರಿಗಾಗಿ, ಸೋಲು ಚುಟುಕಾಗಿ, ಗೆಲುವು ವಿವರವಾಗಿ ಬಂದಿರುತ್ತದೆ. ಸ್ಥಳೀಯ ಉಪದೇಶಿಗಳ ಹೆಸರು ಅಡಿಯ ಸಾಲಿನಲ್ಲೋ ಪಟ್ಟಿಯಲ್ಲೋ ಅಡಗಿರುತ್ತದೆ, ಹುಡುಕಿ ತೆಗೆಯಿರಿ. ನಿಮ್ಮ ಸಭೆಯ ನಿಜವಾದ ಚರಿತ್ರೆ ಆ ಹೆಸರುಗಳಲ್ಲಿದೆ. ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರು ಯಾರನ್ನೂ ಹೊಗಳುವುದಿಲ್ಲ. ಕುಟುಂಬದ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಮುಂಬೈ ಪ್ರೆಸಿಡೆನ್ಸಿಯ ಗೆಜೆಟಿಯರುಗಳಲ್ಲಿ ಕನ್ನಡ ಸೀಮೆಯವು ನಾಲ್ಕು ಮುಖ್ಯ: ಕಾನಡಾ, ಅಂದರೆ ಉತ್ತರ ಕನ್ನಡ (1883), ಧಾರವಾಡ, ಬೆಳಗಾವಿ, ಬಿಜಾಪುರ (ಮೂರೂ 1884). ಮಳೆ, ಬೆಳೆ, ಬರ, ಸಂತೆ, ರಸ್ತೆಗಳ ವಿವರಕ್ಕೆ ಇವು ಚಿನ್ನ. 1876–78ರ ಬರದ ಪುಟಗಳನ್ನು ಓದದೆ ಆ ಕಾಲದ ಅನಾಥಾಲಯಗಳ ಚರಿತ್ರೆ ಅರ್ಥವಾಗುವುದಿಲ್ಲ. ಜಾತಿಗಳ ವರ್ಣನೆಯನ್ನು ಮಾತ್ರ ಹಾಗೇ ಎತ್ತಿಕೊಳ್ಳಬೇಡಿ. ಅದು ಆಳುವವರ ಕಣ್ಣಿನಲ್ಲಿ ಕಂಡದ್ದು, ನಿಮ್ಮ ಸಭೆಯಲ್ಲಿ ಕುಳಿತವರನ್ನು ನೋಯಿಸುತ್ತದೆ.

ಒಂದೇ ಆಯ್ಕೆ ಮಾಡಬೇಕೆಂದರೆ ಇಂದಿನ ವಿದ್ವಾಂಸರ ಒಂದು ಗ್ರಂಥದಿಂದ ಶುರು ಮಾಡಿ, ಅದರ ಅಡಿಟಿಪ್ಪಣಿ ಹಿಡಿದು ಹಿಂದೆ ಹೋಗಿ. ತಿರುಗಾಮುರುಗಾ ಮಾಡಿದರೆ, ಅಂದರೆ ಹಳೆಯ ವರದಿಯಿಂದ ಶುರು ಮಾಡಿದರೆ, ಆ ವರದಿಯ ದನಿಯೇ ನಿಮ್ಮ ದನಿಯಾಗಿಬಿಡುತ್ತದೆ.

ಓದುವಾಗ ಎಡವುವ ಜಾಗಗಳು ಗೊತ್ತಿರಲಿ. 'ಸಾಲ್ಸೆಟ್' ಎರಡಿವೆ, ಎರಡಕ್ಕೂ ಸಾಷ್ಟಿ ಎಂದೇ ಹೆಸರು. ಠಾಣೆ, ಬಾಂದ್ರಾ, ಮಂಡಪೇಶ್ವರದ ಮಾತು ಬಂದರೆ ಅದು ಮುಂಬೈಯದು. ಮಡಗಾಂವ್, ರಾಚೋಲ್, ಕುಂಕಳ್ಳಿ ಬಂದರೆ ಗೋವಾದ್ದು. 1583ರಲ್ಲಿ ಐವರು ಜೆಸುಯಿಟರು (ಯೇಸುಸಭೆಯ ಕಥೋಲಿಕ ಸಂನ್ಯಾಸಿಗಳು) ಹತರಾದದ್ದು ಗೋವಾದ ಸಾಲ್ಸೆಟ್‌ನ ಕುಂಕಳ್ಳಿಯಲ್ಲಿ. ಅದನ್ನು ಬಾಂದ್ರಾದ ಚರಿತ್ರೆಗೆ ಅಂಟಿಸಬಾರದು. ಮುಂಬೈಯ ಸಾಲ್ಸೆಟ್ 1737ರಲ್ಲಿ, ವಸಾಯಿ 1739ರಲ್ಲಿ ಮರಾಠರ ಕೈಗೆ ಹೋದವು.

ದಿನಾಂಕವೂ ಹೀಗೇ. ಪೋರ್ಚುಗಲ್ ಹೊಸ, ಅಂದರೆ ಇಂದಿನ ಗ್ರೆಗೋರಿಯನ್, ಕ್ಯಾಲೆಂಡರಿಗೆ 1582ರಲ್ಲಿ ಬದಲಾಯಿತು, ಇಂಗ್ಲೆಂಡು 1752ರಲ್ಲಿ. ನಡುವಿನ ಕಾಲದಲ್ಲಿ ಒಂದೇ ಘಟನೆಗೆ ಎರಡೂ ಕಡೆಯ ಕಾಗದಗಳಲ್ಲಿ 10 ದಿನ, 1700ರ ನಂತರ 11 ದಿನ ವ್ಯತ್ಯಾಸ ಬರುತ್ತದೆ. ಇಂಗ್ಲಿಷರ ವರ್ಷ ಆಗ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದರಿಂದ ಜನವರಿ, ಫೆಬ್ರವರಿಯ ಪತ್ರಗಳಲ್ಲಿ ಇಸವಿಯೇ ಒಂದು ಹಿಂದೆ ಇರಬಹುದು. ಮರಾಠಿ, ಕನ್ನಡ ಕಾಗದಗಳಲ್ಲಿ ಶಕ ವರ್ಷ ಕಂಡರೆ 78 ಕೂಡಿಸಿ. ಸಂಗತಿ ಜನವರಿಯಿಂದ ಯುಗಾದಿಯೊಳಗಿನದಾದರೆ 79. ಇನ್ನು ಸಂಖ್ಯೆಗಳು: ಟಿಪ್ಪು ಕಾಲದಲ್ಲಿ 1784ರಿಂದ 1799ರವರೆಗೆ ಸೆರೆಯಲ್ಲಿದ್ದ ಕರಾವಳಿ ಕ್ರೈಸ್ತರ ಲೆಕ್ಕ ಒಂದೊಂದು ಮೂಲದಲ್ಲಿ ಒಂದೊಂದು ಥರ. ವೇದಿಕೆಯ ಮೇಲೆ ಹೇಳುವಾಗ ಯಾರು ಕೊಟ್ಟ ಲೆಕ್ಕ ಎಂಬುದನ್ನೂ ಹೇಳಿ. ನೋವಿನ ಚರಿತ್ರೆಯನ್ನು ಹೇಳುವವರಿಗೆ ಆ ಎಚ್ಚರ ಇನ್ನೂ ಹೆಚ್ಚು ಬೇಕು.

ಎಲ್ಲಿ ಕೂತು ಓದುವುದು? ಫೋರ್ಟಿನ ಟೌನ್ ಹಾಲಿನಲ್ಲಿರುವ ಏಷಿಯಾಟಿಕ್ ಸೊಸೈಟಿ 1804ರಷ್ಟು ಹಳೆಯದು. ಹಳೆಯ ಮುದ್ರಿತ ಗ್ರಂಥಗಳಿಗೆ ಮೊದಲು ಅಲ್ಲಿ ವಿಚಾರಿಸಿ. ಅವರ ಗ್ರಂಥಸಂಜೀವನಿ ಎಂಬ ಡಿಜಿಟಲ್ ಸಂಗ್ರಹವನ್ನು ಮನೆಯಿಂದಲೇ ಹುಡುಕಿ, ಅಲ್ಲಿದ್ದರೆ ಮೆಟ್ಟಿಲು ಹತ್ತುವುದು ತಪ್ಪಿತು. ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯ ಶಾಂತವಾಗಿ ಕೂರಲು ಒಳ್ಳೆಯದು. ಕನ್ನಡ ಪುಸ್ತಕಕ್ಕೆ ಮಾಟುಂಗದ ಮೈಸೂರು ಅಸೋಸಿಯೇಶನ್, ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ದೇವಶಾಸ್ತ್ರದ ಆಳದ ಗ್ರಂಥಗಳಿಗೆ ಪುಣೆಗೇ ಹೋಗಬೇಕು: ಬಿಬವೇವಾಡಿಯ ಯೂನಿಯನ್ ಬಿಬ್ಲಿಕಲ್ ಸೆಮಿನರಿ, ನಗರ ರಸ್ತೆಯ ಜ್ಞಾನ ದೀಪ ಎಂಬ ಕಥೋಲಿಕ ವಿದ್ಯಾಪೀಠ. ಬೆಳಗಿನ ಇಂದ್ರಾಯಣಿ ರೈಲಿನಲ್ಲಿ ಹೋಗಿ ಸಂಜೆ ಅದರಲ್ಲೇ ಮರಳಬಹುದು. ಹೋಗುವ ಮೊದಲು ಫೋನು ಮಾಡಿ, ಬೇಕಾದ ಪುಸ್ತಕದ ಹೆಸರು ಕಳಿಸಿ, ನಿಮ್ಮ ಮೇಲಧಿಕಾರಿಯಿಂದ ಒಂದು ಪತ್ರ, ಒಂದು ಗುರುತಿನ ಚೀಟಿ ಇಟ್ಟುಕೊಳ್ಳಿ. ಸೆಮಿನರಿ ರಜೆಯ ಏಪ್ರಿಲ್, ಮೇ ತಿಂಗಳಲ್ಲಿ ಕೇಳದೆ ಹೊರಡಬೇಡಿ. ಗೋವಾದ ವಿಷಯಕ್ಕೆ ಪರ್ವರಿಯ ಕ್ಸೇವಿಯರ್ ಚಾರಿತ್ರಿಕ ಸಂಶೋಧನಾ ಕೇಂದ್ರ, ಪಣಜಿಯ ಪಾಟೊದಲ್ಲಿರುವ ಕೃಷ್ಣದಾಸ ಶಾಮಾ ಗ್ರಂಥಾಲಯ ಎರಡೂ ಬೇಕು.

ಸಂಸ್ಕೃತಿ: ಮೂಲ, ಅನುವಾದ, ಅಥವಾ ಕಿವಿಯ ಓದು

ಶರಣರ ವಚನ, ದಾಸರ ಪದ, ತ್ರಿಪದಿ ಇವನ್ನು ಪ್ರಸಂಗದಲ್ಲಿ ತರುವ ಪಾಸ್ಟರುಗಳು ಬಹಳ. ತರಲಿ, ಅದು ಕನ್ನಡದ ಸೊತ್ತು. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಹಾಗೇ ಹೇಳಬಾರದು. ಮೊದಲು ಅಂಕಿತ (ಕವಿಯ ಗುರುತಿನ ಹೆಸರು) ನೋಡಿ: ಬಸವಣ್ಣನವರದ್ದಾದರೆ ಕೂಡಲಸಂಗಮದೇವ, ಅಲ್ಲಮನದ್ದಾದರೆ ಗುಹೇಶ್ವರ, ಅಕ್ಕನದ್ದಾದರೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರದ್ದಾದರೆ ಪುರಂದರವಿಠಲ. ಅಂಕಿತವೇ ಇಲ್ಲದ 'ವಚನ' ಬಹುಪಾಲು ಇತ್ತೀಚಿನ ಯಾರೋ ಬರೆದದ್ದು. ಅಂಕಿತ ಇದ್ದರೂ ಸಾಲದು, ವಚನ ಸಂಚಯ ಜಾಲತಾಣದಲ್ಲಿ ಒಂದು ಸಾಲು ಹಾಕಿ ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಡುಕಾಟಕ್ಕೆ ಜಾಲತಾಣ ಸಾಕು. ಓದಿ ಅರಗಿಸಿಕೊಳ್ಳಲು ಅರ್ಥವಿವರಣೆಯ ಟೀಕೆ ಇರುವ ಒಂದು ಕಾಗದದ ಸಂಕಲನ ಬೇಕು. ಬಿಡಿ ಸಾಲನ್ನು ಕಿತ್ತು ತಂದಾಗ ಅದು ಮೂಲದಲ್ಲಿ ಯಾರ ವಿರುದ್ಧ ಹೇಳಿದ್ದು ಎಂಬುದು ಮರೆತುಹೋಗುತ್ತದೆ.

ಮುಂಬೈಯಲ್ಲಿದ್ದು ಮರಾಠಿ ಓದದಿದ್ದರೆ ನಷ್ಟ ನಮಗೇ. ಹಿಂದಿ ಅಕ್ಷರ ಬಲ್ಲವರಿಗೆ ಲಿಪಿ ಹೊಸದಲ್ಲ. ಕ್ರೈಸ್ತ ನಂಬಿಕೆಯನ್ನು ಅಭಂಗ, ಕೀರ್ತನದ ಧಾಟಿಗೆ ತಂದ ನಾರಾಯಣ ವಾಮನ ತಿಲಕರಿಂದ (1861–1919) ಶುರು ಮಾಡಬಹುದು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ, ಕೆಲಸ ಮಾಡಿದ್ದು ಪುಣೆ ಹತ್ತಿರದ ಕೇಡಗಾಂವದಲ್ಲಿ. ಬೈಬಲ್ಲನ್ನು ಹೀಬ್ರೂ, ಗ್ರೀಕ್ ಮೂಲದಿಂದ ಮರಾಠಿಗೆ ತಂದವರು ಅವರು. ಅವರ ಬರಹಗಳನ್ನು ಇಂಗ್ಲಿಷಿನಲ್ಲಿ ಓದಲು ಅಡ್ಡಿಯಿಲ್ಲ, ಹಲವನ್ನು ಅವರೇ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ತಿಲಕರ ಪದ್ಯಕ್ಕೆ ಮಾತ್ರ ಅನುವಾದ ಒಗ್ಗುವುದಿಲ್ಲ, ಮರಾಠಿಯಲ್ಲೇ, ಆಗುವುದಾದರೆ ಹಾಡಿದ್ದನ್ನು ಕೇಳಿ.

ಜೆಸುಯಿಟ್ ಪಾದ್ರಿ ತೋಮಸ್ ಸ್ಟೀಫನ್ಸರು ಮರಾಠಿಯಲ್ಲಿ ಬರೆದ ಕ್ರಿಸ್ತಪುರಾಣ ಎಂಬ ಕಾವ್ಯಕ್ಕೆ ಆಯ್ಕೆ ಸ್ಪಷ್ಟವಾಗಿದೆ. 1616ರಲ್ಲಿ ಗೋವಾದ ರಾಚೋಲ್‌ನಲ್ಲಿ ಅಚ್ಚಾದ ಮೊದಲ ಮುದ್ರಣದ ಒಂದು ಪ್ರತಿಯೂ ಉಳಿದಿಲ್ಲ. 1907ರಲ್ಲಿ ಮಂಗಳೂರಿನಲ್ಲಿ ಬಂದ ಆವೃತ್ತಿ ರೋಮನ್ ಲಿಪಿಯಲ್ಲಿದೆ, ಸಂಶೋಧನೆಗೆ ಅದು ಬೇಕು, ಆದರೆ ಓದಲು ಕಣ್ಣಿಗೆ ಕಷ್ಟ. ಆಮೇಲೆ ಬಂದ ದೇವನಾಗರಿ ಆವೃತ್ತಿ ಹಿಡಿದು ಓವಿಯನ್ನು (ಮರಾಠಿ ಪದ್ಯವನ್ನು) ಗಟ್ಟಿಯಾಗಿ ಓದಿ. ಕೊಂಕಣಿ ಬಲ್ಲ ಮಂಗಳೂರಿನವರಿಗೆ ಅರ್ಧ ಅರ್ಥ ಕಿವಿಯಿಂದಲೇ ಆಗುತ್ತದೆ.

ತಂತ್ರಜ್ಞಾನ: ದಪ್ಪ ಪುಸ್ತಕ ಬೇಡ

ಇಲ್ಲಿ ಮಾತು ಕಡಿಮೆ ಸಾಕು. ಕೃತಕ ಬುದ್ಧಿಮತ್ತೆಯ ಬಗ್ಗೆ ಇವತ್ತು ಕೊಂಡ ಪುಸ್ತಕ ಮುಂದಿನ ಕ್ರಿಸ್ಮಸ್ಸಿಗೆ ಹಳತು. ಸಾಧನದ ಬಗ್ಗೆ ಅಲ್ಲ, ಮನುಷ್ಯನ ಬಗ್ಗೆ ಮಾತಾಡುವ ಬರಹ ಆರಿಸಿ. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ 'ಆಂಟಿಕ್ವಾ ಎತ್ ನೋವಾ' ಎಂಬ ಟಿಪ್ಪಣಿ ಉಚಿತ, ಬುದ್ಧಿ ಎಂದರೇನು ಎಂಬಲ್ಲಿಂದ ಶುರುವಾಗುತ್ತದೆ. ಪ್ರೊಟೆಸ್ಟೆಂಟರಿಗೂ ಅದರಲ್ಲಿ ಕೆಲಸದ ಮಾತು ಬಹಳ ಇದೆ. ಕಾನೂನಿನ ವಿಷಯ ಬಂದಾಗ ಲೇಖನಗಳನ್ನು ನಂಬದೆ ಸರಕಾರದ ಮೂಲ ಪಾಠವನ್ನೇ ತೆರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಎಣಿಸಿ ಹೆತ್ತವರ ಒಪ್ಪಿಗೆ ಕೇಳುತ್ತದೆ. ಸಂಡೇ ಸ್ಕೂಲಿನ ಫೋಟೊ, ಫೋನ್ ನಂಬರುಗಳ ಪಟ್ಟಿ, ರೋಗಿಗಳ ಹೆಸರಿರುವ ಪ್ರಾರ್ಥನಾ ವಿನಂತಿಯನ್ನು ಗ್ರೂಪಿಗೆ ಹಾಕುವವರು ಅದನ್ನೊಮ್ಮೆ ಓದಲೇಬೇಕು. ನಿಯಮಗಳು ಹಂತಹಂತವಾಗಿ ಜಾರಿಗೆ ಬರುತ್ತಿರುವುದರಿಂದ ಅಚ್ಚಾದ ಕೈಪಿಡಿ ಹಿಂದೆ ಬೀಳುತ್ತದೆ.

ಚಾಟ್‌ಬಾಟ್‌ನಿಂದ ಪ್ರಸಂಗದ ತಯಾರಿ ಮಾಡಿಕೊಳ್ಳುವವರಿಗೆ: ದೊಡ್ಡ ಅಧ್ಯಾಯದ ಸಾರಾಂಶಕ್ಕೆ, ಜರ್ಮನ್ ಪುಟದ ಭಾವಾರ್ಥಕ್ಕೆ ಅದು ಉಪಯೋಗ. ಬೈಬಲ್ ವಚನದ ಸಂಖ್ಯೆ, ಸಂತರ ಉಕ್ತಿ, ಪುಸ್ತಕದ ಪುಟ ಕೇಳಿದರೆ ಇಲ್ಲದ್ದನ್ನೂ ಇದ್ದಂತೆ ಹೇಳಿಬಿಡುತ್ತದೆ. ಮುಂದಿನ ಪದ ಯಾವುದಿರಬಹುದೆಂದು ಊಹಿಸುವುದು ಅದರ ಕೆಲಸ, ದಾಖಲೆ ತೆರೆದು ನೋಡುವುದಲ್ಲ. ಯಂತ್ರ ಬರುವ ಮೊದಲೂ ಈ ರೋಗ ಇತ್ತು. ನಾಳೆ ಲೋಕ ಮುಗಿದರೂ ಇಂದು ಸೇಬಿನ ಗಿಡ ನೆಡುತ್ತೇನೆ ಎಂಬ ಮಾತನ್ನು ಲೂಥರರ ಹೆಸರಿನಲ್ಲಿ ಹೇಳುತ್ತೇವೆ, ಅದರ ಅತಿ ಹಳೆಯ ದಾಖಲೆ 1944ರದ್ದು. ಸುವಾರ್ತೆ ಸಾರಿರಿ, ಅಗತ್ಯವಿದ್ದರೆ ಮಾತು ಬಳಸಿರಿ ಎಂಬುದು ಅಸ್ಸೀಸಿಯ ಫ್ರಾನ್ಸಿಸರ ಬರಹಗಳಲ್ಲಿ ಎಲ್ಲೂ ಇಲ್ಲ. ಪುಟ ಕಣ್ಣಾರೆ ಕಾಣದ ಉಕ್ತಿಯನ್ನು ವೇದಿಕೆಗೆ ಒಯ್ಯಬೇಡಿ.

ಇ-ರೀಡರ್, ಟ್ಯಾಬ್, ಫೋನ್, ಕಿವಿ

ಆರು ಇಂಚಿನ ಇ-ರೀಡರ್ ಕಣ್ಣಿಗೆ ಹಿತ, ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಇಂಗ್ಲಿಷ್ ದೇವಶಾಸ್ತ್ರ ಓದುವವರು ಧಾರಾಳ ಕೊಳ್ಳಬಹುದು. ಕನ್ನಡಕ್ಕಾಗಿ ಕೊಳ್ಳಬೇಡಿ, ಅದರಲ್ಲಿ ಕನ್ನಡ ಪುಸ್ತಕದ ಆಯ್ಕೆ ತೀರಾ ಕಡಿಮೆ. ಕನ್ನಡ ಇ-ಪುಸ್ತಕಕ್ಕೆ ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂಥ ಫೋನ್ ಆ್ಯಪ್‌ಗಳೇ ಗತಿ. ಸ್ಕ್ಯಾನ್ ಮಾಡಿದ ಹಳೆಯ ಗ್ರಂಥದ ಪಿಡಿಎಫ್ ಆರು ಇಂಚಿನಲ್ಲಿ ಹಿಡಿಸುವುದಿಲ್ಲ: ಪುಟ ಕುಗ್ಗಿ ಒತ್ತಕ್ಷರ ಕರಗಿಹೋಗುತ್ತದೆ, ಹಿಗ್ಗಿಸಿದರೆ ಒಂದೊಂದು ಸಾಲಿಗೂ ಅತ್ತಿತ್ತ ಎಳೆಯಬೇಕು. ಹತ್ತು ಇಂಚಿನ ಟ್ಯಾಬ್ ಇದ್ದರೆ ಚರಿತ್ರೆಯ ಓದು ಸಲೀಸು.

ಪಿಡಿಎಫ್‌ನಲ್ಲಿ ಹುಡುಕಿದಾಗ ಏನೂ ಸಿಗದಿದ್ದರೆ ಪುಸ್ತಕದಲ್ಲಿ ಅದಿಲ್ಲ ಎಂದು ತಿಳಿಯಬೇಡಿ. ಅದು ಬರೀ ಚಿತ್ರವಿರಬಹುದು, ಅಥವಾ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನಲ್ಲಿ ಅಚ್ಚಾಗಿರಬಹುದು. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ ಬಂದರೆ ಫಾಂಟಿನ ಸಮಸ್ಯೆ, ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ. ಏನೂ ಕಾಪಿ ಆಗದಿದ್ದರೆ ಗೂಗಲ್ ಲೆನ್ಸ್‌ನಂಥದ್ದರಿಂದ ಅಕ್ಷರ ತೆಗೆಯಿರಿ. ಹಾಗೆ ತೆಗೆದದ್ದರಲ್ಲಿ ಪ-ಷ, ಘ-ಫ, ಮ-ವ ಅದಲುಬದಲಾಗಿರುತ್ತವೆ, ಸೊನ್ನೆ ಅಂಕೆಯೂ ಅನುಸ್ವಾರವೂ ಕಲಸಿರುತ್ತವೆ. ಇಸವಿಗಳನ್ನು ಮೂಲದ ಪುಟ ನೋಡಿಯೇ ಬರೆದುಕೊಳ್ಳಿ.

ಲೋಕಲ್‌ನಲ್ಲಿ ಬೆಳಗ್ಗೆ ಎಂಟರಿಂದ ಹತ್ತರ ನೂಕಿನಲ್ಲಿ ಯಾವ ಪುಸ್ತಕವೂ ಬಿಚ್ಚಲಾಗದು. ಆ ಹೊತ್ತಿಗೆ ಕನ್ನಡ ಬೈಬಲ್ಲಿನ ಆಡಿಯೊ ಒಳ್ಳೆಯದು. ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಡಿ. ಭಾನುವಾರ ಓದಬೇಕಾದ ಭಾಗವನ್ನು ವಾರವಿಡೀ ಅದನ್ನೇ ಕೇಳಿ. ಗದ್ದಲದಲ್ಲಿ ವಾದ ಕಟ್ಟುವ ದೇವಶಾಸ್ತ್ರ ತಲೆಗೆ ಹತ್ತುವುದಿಲ್ಲ, ಕಥನ ಹತ್ತುತ್ತದೆ: ಸುವಾರ್ತೆಗಳು, ಅರಸುಗಳು, ಅಪೊಸ್ತಲರ ಕೃತ್ಯಗಳು.

ಕೊಂಡದ್ದನ್ನು ಮಳೆಗಾಲ ದಾಟಿಸುವುದು

ಕಪಾಟು ಗೋಡೆಯಿಂದ ಮೂರು ಇಂಚಾದರೂ ಈಚೆ ಇರಲಿ, ಹೊರಗೋಡೆಗಂತೂ ತಾಗಿಸಲೇಬೇಡಿ. ಪುಸ್ತಕ ಬಿಗಿಯಾಗಿ ತುಂಬಬೇಡಿ, ಗಾಳಿ ಆಡಬೇಕು. ಮುಚ್ಚಿದ ಗೋದ್ರೇಜ್ ಕಪಾಟಿಗೆ ಪ್ರತಿ ಅಂಕಣಕ್ಕೆ ನೂರು ಗ್ರಾಂನಷ್ಟು ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಇಡಿ. ನುಸಿಗುಳಿಗೆ ಹುಳ ಓಡಿಸಬಹುದು, ಬೂಷ್ಟನ್ನು ತಡೆಯುವುದಿಲ್ಲ. ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಒಳಕ್ಕೆ ಇಳಿಯುತ್ತದೆ. ಮೊದಲು ಬೇರೆ ಕಡೆ ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಮೆತ್ತನೆ ಬ್ರಷ್ಷಿನಿಂದ ಉದುರಿಸಿ. ಫೋರ್ಟಿನ ಫುಟ್‌ಪಾತಿನಿಂದಲೋ ರದ್ದಿಯವನಿಂದಲೋ ತಂದ ಹಳೆಯ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆ ಪುಟದ ಮೇಲೆ ನೀರು ಕಟ್ಟುತ್ತದೆ.

ಟಿಪ್ಪಣಿಗೆ ಫೋನೋ ಚೀಟಿಯೋ ಎಂಬುದು ನಿಮ್ಮ ರೂಢಿಗೆ ಬಿಟ್ಟದ್ದು. ಹುಡುಕಲು ಫೋನು ಸುಲಭ, ನೆನಪಿನಲ್ಲಿ ನಿಲ್ಲಲು ಕೈಬರಹ ಮೇಲು. ಯಾವುದಾದರೂ ಸರಿ, ಗ್ರಂಥಕರ್ತರ ಹೆಸರು, ಪುಸ್ತಕ, ಮುದ್ರಣದ ವರ್ಷ, ಪುಟ ನಾಲ್ಕೂ ಇರಲಿ. ಗ್ರಂಥಾಲಯದ ಪ್ರತಿಯಾದರೆ ಆ ಪುಸ್ತಕಕ್ಕೆ ಅವರು ಕೊಟ್ಟ ಕರೆ ಸಂಖ್ಯೆ (ಕಾಲ್ ನಂಬರ್), ಸ್ಕ್ಯಾನ್ ಆದರೆ ಅಚ್ಚಾದ ಪುಟಸಂಖ್ಯೆಯ ಜೊತೆ ಪಿಡಿಎಫ್‌ನ ಪುಟಸಂಖ್ಯೆ. ಮುನ್ನುಡಿಯ ಪುಟಗಳಿಂದಾಗಿ ಆ ಎರಡು ಸಂಖ್ಯೆಗಳು ಹೊಂದುವುದೇ ಅಪರೂಪ.